ಅಲೆ ಬಂತು, ನೀರು ಬರಲಿಲ್ಲ

ಶಿಕಾರಿಪುರ, ಸೊರಬದ ಮಕ್ಕಳಿಗೆ ಕಡಲು ಘಟ್ಟದ ಕೆಳಗಿನ ಮಾತು. ಆದರೂ ಅಗಲವಾದ ತಟ್ಟೆಗೆ ನೀರು ತುಂಬಿ, ಬೆಂಡಿನ ಚೂರು ತೇಲಿಬಿಟ್ಟು, ಒಂದು ಅಂಚಿನಲ್ಲಿ ಬೆರಳಾಡಿಸಿದರೆ ಸಾಕು. ಅಲೆ ಆಚೆಯ ಅಂಚು ಮುಟ್ಟುತ್ತದೆ. ಬೆಂಡು ಏರಿಳಿದು ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಸಮುದ್ರದಲ್ಲೂ ಸಾಗುವುದು ಶಕ್ತಿ. ನೀರಿನ ಕಣಗಳು ಸುತ್ತು ಹಾಕಿ ಬಹುಪಾಲು ಇದ್ದಲ್ಲಿಗೇ ಮರಳುತ್ತವೆ.

ಹಾಗಾದರೆ ದಾಟಿ ಹೋದದ್ದು ಏನು?

ಈ ಪ್ರಶ್ನೆಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ತಕ್ಕ ನೆಲ. ಅಲ್ಲಿನ ಕೋಡಿಯಮಠದಲ್ಲಿ ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳನ್ನು ಓದಿಸುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ಶಬ್ದ ಕಿವಿ ತಲುಪುವ ಬಗೆಯನ್ನು ನ್ಯಾಯ ದರ್ಶನದವರಾದ ನೈಯಾಯಿಕರು ವಿವರಿಸಿದ್ದು ವೀಚೀತರಂಗ ನ್ಯಾಯದಿಂದ, ಅಂದರೆ ಅಲೆಯಿಂದ ಅಲೆ ಹುಟ್ಟುವ ಹೋಲಿಕೆಯಿಂದ: ಒಂದು ಶಬ್ದ ಅಳಿಯುವ ಮುನ್ನ ಮತ್ತೊಂದನ್ನು ಹುಟ್ಟಿಸುತ್ತದೆ. ಆದರೂ ಜನ್ಮದಿಂದ ಜನ್ಮಕ್ಕೆ ದಾಟುವುದೇನೆಂದರೆ, ಅವರಿಗೆ ಅದು ನಿತ್ಯವಾದ ಆತ್ಮ. ಬೌದ್ಧರಿಗೋ ಜನ್ಮ ದಾಟುವ ಆತ್ಮವೇ ಇಲ್ಲ, ಕಾರ್ಯಕಾರಣಗಳ ಸಂತತಿ ಮಾತ್ರ.

ಬೆಂಡು ಬೌದ್ಧರ ಪರ ವಾದಿಸುವಂತೆ ಕಾಣುತ್ತದೆ. ಆದರೆ ಆತ್ಮವುಂಟೋ ಇಲ್ಲವೋ ಎಂಬುದನ್ನು ತಟ್ಟೆಯ ನೀರು ತೀರ್ಮಾನಿಸಲಾರದೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು.