ಆಡಿದ ಮಾತಿನ ಸಾಲ

ದೇವರು ನಮ್ಮ ಪಾಪಗಳನ್ನು ಕ್ಷಮಿಸುವನೆಂದು ನಾವೆಲ್ಲರೂ ನಂಬುತ್ತೇವೆ. ಆದರೆ ನಾವು ನೆರೆಯವನಿಗೆ ಆಡಿದ ಕ್ರೂರವಾದ ಮಾತನ್ನು, ಆ ನೆರೆಯವನು ಇನ್ನೂ ಕ್ಷಮಿಸದಿರುವಾಗ, ದೇವರು ಕ್ಷಮಿಸುವದು ಹೇಗೆ? ಈ ಪ್ರಶ್ನೆಯು ನಮ್ಮನ್ನು ಬಹುಕಾಲ ಬಾಧಿಸಿದ್ದರಿಂದ, ಅದು ಹುಟ್ಟಿದ ಸಂಗತಿಯನ್ನೇ ಮೊದಲು ಅರಿಕೆಮಾಡುತ್ತೇವೆ.

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯು ನಮ್ಮ ಗ್ರಾಮಗಳವರಿಗೆ ಅಪರಿಚಿತವಾದದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ 1928ರಲ್ಲಿ ಕಟ್ಟಿದ ಆ ಸ್ಥಳಕ್ಕೆ ಸುತ್ತಣ ಊರುಗಳ ಸೇವಂತಿಗೆ, ಚೆಂಡುಹೂವು, ಕನಕಾಂಬರಗಳು ಇನ್ನೂ ಕತ್ತಲಿರುವಾಗಲೇ ಮೂಟೆಮೂಟೆಯಾಗಿ ಬಂದು ಇಳಿಯುವವು. ಬಿಡಿಹೂವನ್ನು ತೂಕದಿಂದ ಮಾರುವರು. ಕಟ್ಟಿದ ಹೂವನ್ನು ಮೊಳದಿಂದ, ಇಲ್ಲವೆ ಎರಡು ತೋಳು ಚಾಚಿದಷ್ಟಾದ ಮಾರಿನಿಂದ ಅಳೆದು ಕೊಡುವರು. ಈ ಅಳತೆಗೆ ಸರಕಾರದ ಮುದ್ರೆಯಿಲ್ಲ. ಮಾರುವವಳ ತೋಳೇ ಅಳತೆಗೋಲು. ಆಕೆಯ ತೋಳು ಗಿಡ್ಡವಾದರೆ ಹೂವೂ ಗಿಡ್ಡ. ಇದನ್ನು ತಿಳಿಯದ ಗಿರಾಕಿಯಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಸುಗ್ಗಿಯ ಹಬ್ಬಕ್ಕೆ ಹೂವು ತರಲು ಅಲ್ಲಿಗೆ ಹೋಗಿದ್ದೆವು. ಒಬ್ಬ ಮುದುಕಿಯು ಹತ್ತು ಮಾರು ಸೇವಂತಿಗೆಯನ್ನು ಅಳೆದುಕೊಟ್ಟಳು. ಅಳತೆಯು ಕಡಿಮೆಯೆಂದು ನಮಗೆ ತೋರಿತು. ಆಕೆಯ ತೋಳುಗಳು ವಯಸ್ಸಿನಿಂದ ಬಾಗಿ, ಪೂರಾ ಚಾಚಲಾರದೆ ಇದ್ದದ್ದನ್ನು ಕಣ್ಣು ಕಂಡರೂ ಮನಸ್ಸು ಕಾಣಲಿಲ್ಲ. ಹತ್ತು ಜನರು ಕೇಳುವ ಹಾಗೆ ಆಕೆಯನ್ನು ಕಳ್ಳಿಯೆಂದು ಕರೆದೆವು. ಆಕೆಯು ಪ್ರತ್ಯುತ್ತರ ಕೊಡಲಿಲ್ಲ. ಇನ್ನೊಂದು ಮಾರನ್ನು ಅಳೆದು ನಮ್ಮ ಬುಟ್ಟಿಗೆ ಹಾಕಿ, ಮುಖವನ್ನು ತಿರುಗಿಸಿಕೊಂಡಳು.

ಬುಟ್ಟಿಯನ್ನು ಹೊತ್ತು ಅವೆನ್ಯೂ ರಸ್ತೆಯಲ್ಲಿ ನಡೆದೆವು. ಅಲ್ಲಿ ಲಂಡನ್ ಮಿಷನಿನ ಬೆಂಜಮಿನ್ ರೈಸ್ ಬೋಧಕರ ಜ್ಞಾಪಕಾರ್ಥವಾದ ದೇವಾಲಯವಿದೆಯಷ್ಟೆ. ಅದನ್ನು ಕಂಡಾಗ ಬೆಟ್ಟದ ಮೇಲಣ ಪ್ರಸಂಗವು ನೆನಪಿಗೆ ಬಂದು ಕಾಲು ನಿಂತಿತು. ನೆರೆಯವನಿಗೆ ನಮ್ಮ ಮೇಲೆ ದೂರಿದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ಸಮಾಧಾನವಾಗಬೇಕೆಂದು ಕರ್ತನು ಕಲಿಸಲಿಲ್ಲವೇ? ನಮ್ಮ ಕಾಣಿಕೆಯು ತಲೆಯ ಮೇಲೆಯೇ ಇತ್ತು. ತಿರುಗಿ ಹೋದೆವು. ಅಷ್ಟರಲ್ಲಿ ಬಿಸಿಲೇರಿ, ಆ ಸ್ಥಳದಲ್ಲಿ ಬೇರೊಬ್ಬಳು ಕರಿಬೇವು ಹರಡಿ ಕೂತಿದ್ದಳು. ಆಮೇಲೆ ಎಷ್ಟೋ ಸಾರಿ ಹೋಗಿ ವಿಚಾರಿಸಿದರೂ ಆ ಮುದುಕಿಯು ಸಿಕ್ಕಲೇ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುವರು. ಅದು ನಿಜ. ಕ್ರಿಸ್ತನ ಕ್ಷಮೆಯೂ ಆಡಿದ ಮಾತನ್ನು ಆಡಲಿಲ್ಲವೆನ್ನುವದಿಲ್ಲ. ಪೇತ್ರನು ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ತನ್ನ ಗುರುವನ್ನು ಮೂರು ಸಾರಿ ಅರಿಯೆನೆಂದನು. ಕರ್ತನು ಎದ್ದುಬಂದ ಮೇಲೆ ಕೆರೆಯ ದಡದಲ್ಲಿ ಅವನನ್ನು ಕಂಡಾಗಲೂ ಅಲ್ಲಿ ಇದ್ದಲಿನ ಬೆಂಕಿಯೇ ಉರಿಯುತ್ತಿತ್ತೆಂದು ಯೋಹಾನನು ಬರೆದಿದ್ದಾನೆ. ಮೂರು ಸಾರಿ ಅರಿಯೆನೆಂದವನಿಗೆ ಮೂರು ಸಾರಿ ಪ್ರಶ್ನೆಯಾಯಿತು. ಪೇತ್ರನಿಗೆ ದುಃಖವೂ ಆಯಿತು. ಆದರೆ ಕರ್ತನು ನಿಂದಿಸಲಿಲ್ಲ, ಕುರಿಗಳನ್ನು ಮೇಯಿಸುವ ಕೆಲಸವನ್ನು ಕೈಗೆ ಕೊಟ್ಟನು. ನಮಗೆ ಮೊದಲು ದೊರೆತ ಆದರಣೆಯು ಇದೇ.

ಆದರೂ ಆ ಮುದುಕಿಗೆ ಬದಲಾಗಿ ದೇವರೇ ನಮ್ಮನ್ನು ಕ್ಷಮಿಸಿಬಿಟ್ಟನೆಂದು ಹೇಳಲು ನಮಗೆ ಧೈರ್ಯವಿಲ್ಲ. ಹಾಗೆ ಥಟ್ಟನೆ ಹೇಳಿ ಹಗುರವಾಗುವವರನ್ನು ಕಂಡರೆ ನಮಗೆ ಸ್ವಲ್ಪ ಭಯವೇ. ಆಕೆಯ ಪಾಲಿನ ಕ್ಷಮೆಯು ಆಕೆಯದೇ. ಆದರೆ ಅಲ್ಪರಾದವರಿಗೆ ಮಾಡಿದ್ದನ್ನು ತನಗೇ ಮಾಡಿದ್ದೆಂದು ಎಣಿಸುವ ಕರ್ತನಿಗೆ, ಆ ಮುಂಜಾನೆ ತನ್ನ ಮೇಲೆ ಬಿದ್ದ ನಿಂದೆಯನ್ನು ಬಿಟ್ಟುಬಿಡುವ ಅಧಿಕಾರವುಂಟು. ಇದನ್ನು ನಂಬಿ ಪ್ರಾರ್ಥಿಸಿದಾಗ ನಮ್ಮ ದುಃಖದಲ್ಲಿ ಅರ್ಧವು ಪಶ್ಚಾತ್ತಾಪವೇ ಅಲ್ಲವೆಂದು ತಿಳಿದುಬಂತು. ನಮ್ಮಂಥ ಸಭ್ಯರು ಹೀಗೆ ಅಂದೆವಲ್ಲಾ ಎಂಬ ಗರ್ವವೇ ಅದಾಗಿತ್ತು. ಆ ಅರ್ಧವನ್ನು ಕಳಕೊಂಡದ್ದರಿಂದ ನಷ್ಟವೇನೂ ಆಗಲಿಲ್ಲ.

ಉಳಿದರ್ಧವು ನಮ್ಮನ್ನು ಹಳೆಯ ಲೆಕ್ಕವೊಂದಕ್ಕೆ ಎಳೆಯಿತು. ನಾವು ಯೌವನದಲ್ಲಿದ್ದಾಗ ಒಂದು ಮದುವೆಯ ಊಟದಲ್ಲಿ ಬಂಧುವೊಬ್ಬನು ನಮ್ಮನ್ನು ಜಾತಿಗೆಟ್ಟವರೆಂದು ಎಲ್ಲರೆದುರಿಗೆ ಹಳಿದು, ಪಂಕ್ತಿಯಿಂದ ಎಬ್ಬಿಸಿದ್ದನು. ಅದನ್ನು ಮೂವತ್ತು ವರ್ಷ ಬಡ್ಡಿ ಸಹಿತವಾಗಿ ಇಟ್ಟುಕೊಂಡಿದ್ದೆವು. ಮತ್ತಾಯನ ಹದಿನೆಂಟನೆಯ ಅಧ್ಯಾಯದ ಆ ಆಳಿನ ಸಾಮ್ಯವನ್ನು ನೀವು ಬಲ್ಲಿರಿ. ಒಂದು ದಿನಾರಿಯು ಒಂದು ದಿನದ ಕೂಲಿ. ತಲಾಂತಿಗೆ ಸುಮಾರು 6,000 ದಿನಾರಿ. ಅವನಿಗೆ ಬಿಟ್ಟ 10,000 ತಲಾಂತು ಆರು ಕೋಟಿ ದಿನಗಳ ಕೂಲಿಯಾಯಿತು. ಹೊರಗೆ ಬಂದು ಅವನು ಕೊರಳು ಹಿಸುಕಿದ್ದು ನೂರು ದಿನದ ಕೂಲಿಗೋಸ್ಕರ. ನಾವು ಇದನ್ನು ಎಷ್ಟೋ ಸಾರಿ ಓದಿದ್ದರೂ ಲೆಕ್ಕ ಮಾಡಿರಲಿಲ್ಲ.

ಆ ಬಂಧುವಾದರೋ ಮುದುಕಿಯಂತೆ ಕಾಣದೆ ಹೋದವನಲ್ಲ. ಎರಡು ಹರದಾರಿಯ ಊರಿನಲ್ಲೇ ಇದ್ದನು. ಒಂದು ಮಧ್ಯಾಹ್ನ ಹೋಗಿ, ಆ ಮಾತನ್ನು ನಾವು ಬಿಟ್ಟಿದ್ದೇವೆಂದು ಹೇಳಿದೆವು. ಅವನು ಬೆರಗಾಗಿ ನೋಡಿದನು. ಅವನಿಗೆ ಅದು ನೆನಪೇ ಇರಲಿಲ್ಲ! ಮಜ್ಜಿಗೆ ತರಿಸಿ, ಹೊಲದ ಬೆಳೆಯನ್ನು ವಿಚಾರಿಸಿದನು. ದಾರಿಯಲ್ಲಿ ತಿರುಗಿ ಬರುವಾಗ ನಮಗೆ ತೋರಿದ್ದೇನಂದರೆ, ಆಡಿದವನು ಮರೆಯುವನು, ಕೇಳಿಸಿಕೊಂಡವನು ಮರೆಯನು. ಆದದರಿಂದ ಆ ಮುದುಕಿಯು ಬದುಕಿದ್ದರೆ ಇಂದಿಗೂ ಮರೆತಿರಲಾರಳು. ಪ್ರತಿ ಭಾನುವಾರ ಆಕೆಗಾಗಿ ಪ್ರಾರ್ಥಿಸುತ್ತೇವೆ, ಹೆಸರನ್ನು ಅರಿಯೆವು.

ಹೋದ ಸುಗ್ಗಿಯ ಹಬ್ಬಕ್ಕೂ ಅಲ್ಲಿಂದಲೇ ಹೂವು ತಂದೆವು. ಮಾರಿದವಳು ಎಳೆಯ ಹೆಂಗಸು. ಅಳತೆಯನ್ನು ನಾವು ನೋಡಲಿಲ್ಲ. ಹತ್ತು ಮಾರು ಮುಗಿದ ಮೇಲೆ ದಾರವನ್ನು ಹರಿಯದೆ, ಕೊಸರು ಎಂದು ಮತ್ತೂ ಒಂದು ಮೊಳವನ್ನು ಎಳೆದು ಬುಟ್ಟಿಗೆ ಹಾಕಿದಳು. ನಾವು ಕೇಳಿರಲಿಲ್ಲ.