ಆಪ್ತವಾಕ್ಯ ಮತ್ತು 5 ನ್ಯೂಟನ್ ಮೀಟರ್

ಕಣ್ಣಿಗೆ ಕಾಣದ, ಕೈಗೆ ಎಟುಕದ ವಿಷಯದಲ್ಲಿ ಇನ್ನೊಬ್ಬರ ಮಾತು ನಂಬಿ ಪ್ರಾಣ ಒಡ್ಡುವುದು ವಿವೇಕವೋ ಮೂಢತನವೋ ಎನ್ನುವುದು ನಮ್ಮ ದರ್ಶನಗಳಲ್ಲಿ ಬಹಳ ಹಳೆಯ ಜಗಳ. ಅದು ನಡೆದದ್ದು ಹೆಚ್ಚಾಗಿ ವೇದದ ಸುತ್ತ, ಯಜ್ಞದ ಫಲದ ಸುತ್ತ. ವೇದವನ್ನು ನಂಬಬೇಕೇ ಬೇಡವೇ ಎಂಬಲ್ಲಿಗೆ ಬಂದರೆ ಎರಡೂ ಕಡೆಯವರು ಪಟ್ಟು ಬಿಡುವುದಿಲ್ಲ, ಮಾತು ಮುಂದೆ ಹೋಗುವುದಿಲ್ಲ. ಹಾಗಾಗಿ ಯಾರಿಗೂ ಭಕ್ತಿಯಾಗಲಿ ದ್ವೇಷವಾಗಲಿ ಇಲ್ಲದ ಒಂದು ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡುವುದು ಒಳ್ಳೆಯದು. ಕಾರ್ಬನ್ ಫೈಬರ್ ಸೈಕಲ್ಲಿನ ಫೋರ್ಕಿನೊಳಗೆ ಕೂರಿಸುವ ಎಕ್ಸ್‌ಪ್ಯಾಂಡರ್ ಪ್ಲಗ್ ಅಂಥ ವಸ್ತು.

ಫೋರ್ಕಿನ ಎರಡು ಕಾಲು ಮುಂದಿನ ಚಕ್ರವನ್ನು ಹಿಡಿದಿರುತ್ತವೆ. ಅವುಗಳ ಮೇಲಿನ ಕೊಳವೆ ಫ್ರೇಮಿನ ತಲೆಯೊಳಗಿಂದ ಹಾದು ಮೇಲೆ ಬರುತ್ತದೆ, ಇದೇ ಸ್ಟೀರರ್. ಇದರ ಹೊರ ವ್ಯಾಸ ಸಾಮಾನ್ಯವಾಗಿ 28.6 ಮಿಲಿಮೀಟರ್. ಹ್ಯಾಂಡಲ್ ಹೊತ್ತಿರುವ ಸ್ಟೆಮ್ ಈ ಕೊಳವೆಯ ತುದಿಯನ್ನು ಹೊರಗಿನಿಂದ ಬೋಲ್ಟ್ ಹಾಕಿ ಅಮುಕಿ ಹಿಡಿಯುತ್ತದೆ. ಕೊಳವೆ ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಆಗಿದ್ದರೆ ಒಳಗೊಂದು ಸ್ಟಾರ್ ನಟ್ ಬಡಿದಿಳಿಸಿ, ಟಾಪ್ ಕ್ಯಾಪಿನ ಬೋಲ್ಟನ್ನು ಅದಕ್ಕೆ ತಿರುಗಿಸಿ, ಬೇರಿಂಗಿನ ಸಡಿಲ ತೆಗೆದರೆ ಕೆಲಸ ಮುಗಿಯಿತು. ಕಾರ್ಬನ್ನಿನಲ್ಲಿ ಹಾಗೆ ಬಡಿದರೆ ನಟ್ಟಿನ ಹಲ್ಲು ಒಳಗೋಡೆಯ ನಾರನ್ನೇ ಗೀರುತ್ತದೆ. ಅದಕ್ಕಾಗಿ ಬಂದದ್ದು ಪ್ಲಗ್: ಅಲೆನ್ ಕೀ ತಿರುಗಿಸಿದಂತೆ ಒಳಗಿನ ಬೆಣೆ ಮೇಲೆ ಸರಿದು, ಸುತ್ತಲಿನ ತೋಳು ಅಗಲವಾಗಿ ಗೋಡೆಯನ್ನು ಸಮನಾಗಿ ಒತ್ತಿ ನಿಲ್ಲುತ್ತದೆ. ಇದರ ಒಂದು ಕೆಲಸ ಟಾಪ್ ಕ್ಯಾಪಿಗೆ ಆಧಾರ ಕೊಡುವುದು. ಅದಕ್ಕಿಂತ ದೊಡ್ಡ ಕೆಲಸ, ಸ್ಟೆಮ್ ಹೊರಗಿನಿಂದ ಅಮುಕುವಾಗ ಕೊಳವೆಯ ಗೋಡೆ ಒಳಕ್ಕೆ ಕುಸಿಯದಂತೆ ತಡೆಯುವುದು. ಹಾಗಾಗಿ ಪ್ಲಗ್ ಸ್ಟೆಮ್ ಹಿಡಿಯುವ ಎತ್ತರಕ್ಕೇ ಸರಿಯಾಗಿ ಕೂರಬೇಕು. ಕೊಳವೆಯ ಒಳಭಾಗ ಮತ್ತು ಪ್ಲಗ್ಗಿನ ಹೊರಮೈ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿರಬೇಕು. ಅಲ್ಲಿ ಗ್ರೀಸ್ ಸೋಂಕಿದರೆ ಪ್ಲಗ್ ಹಿಡಿತ ಬಿಟ್ಟು ಟಾಪ್ ಕ್ಯಾಪಿನ ಎಳೆತಕ್ಕೆ ಮೇಲೆ ಸರಿಯುತ್ತದೆ. ಲೋಹದ ಕೆಲಸದಲ್ಲಿ ಕೈ ಪಳಗಿದವರು ಎಡವುವುದು ಇಲ್ಲೇ, ಏಕೆಂದರೆ ಯಾವುದನ್ನೇ ಜೋಡಿಸುವ ಮುನ್ನ ಬೆರಳು ಗ್ರೀಸ್ ಡಬ್ಬಿಯ ಕಡೆಗೆ ಹೋಗುವುದು ಅವರ ಅಭ್ಯಾಸ.

ಇಷ್ಟಾದ ಮೇಲೆ ಎಷ್ಟು ಬಿಗಿ ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಸ್ಟೆಮ್ ಮೇಲೆ ಹಲವು ವೇಳೆ 5 ನ್ಯೂಟನ್ ಮೀಟರ್ ಎಂದು ಅಚ್ಚಾಗಿರುತ್ತದೆ. ಪ್ಲಗ್ಗಿನದು ಅದರ ತಯಾರಕರು ಕೊಟ್ಟ ಕಾಗದದಲ್ಲಿ ಬೇರೆಯೇ ಇರುತ್ತದೆ. 10 ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಯಲ್ಲಿ ಸುಮಾರು ಐದು ಕಿಲೋ ಭಾರ ಬಿದ್ದರೆ 5 ನ್ಯೂಟನ್ ಮೀಟರ್ ಆಗುತ್ತದೆ, ಎಂಟು ಕಿಲೋ ಬಿದ್ದರೆ 8. ಈ ಎರಡರ ವ್ಯತ್ಯಾಸವನ್ನು ಕೈ ಪ್ರತಿ ಸಲವೂ ತಪ್ಪದೆ ಹೇಳಲಾರದು. ಕೀ ಉದ್ದವಾದರೆ, ಬೋಲ್ಟ್ ಒಣಗಿದ್ದರೆ ಅಂದಾಜೇ ತಲೆಕೆಳಗು. ಲೋಹದಲ್ಲಿ ಈ ತಪ್ಪಿಗೆ ಸಾಮಾನ್ಯವಾಗಿ ಕ್ಷಮೆಯಿದೆ. ತಾಮ್ರದ ಕೊಡ ನೆಗ್ಗಿ ತನಗೆ ಏಟು ಬಿದ್ದದ್ದನ್ನು ತೋರಿಸಿಕೊಳ್ಳುವಂತೆ ಲೋಹ ಬಾಗುತ್ತದೆ, ಎಳೆ ಸವೆದದ್ದು ಬೆರಳಿಗೆ ತಿಳಿಯುತ್ತದೆ. ಕಾರ್ಬನ್ ನಾರಿಗೆ ಉದ್ದಕ್ಕೆ ಎಳೆದರೆ ಅಪಾರ ಬಲ, ಅಡ್ಡಡ್ಡ ಅಮುಕಿದರೆ ಬಲ ಕಡಿಮೆ. ಮೀರಿ ಅಮುಕಿದಾಗ ಪದರಗಳು ಒಳಗೇ ಬಿಟ್ಟುಕೊಳ್ಳಬಹುದು, ಹೊರಗೆ ಏನೂ ಕಾಣದಿರಬಹುದು. ಆ ಜಾಗವಂತೂ ಸ್ಟೆಮ್ಮಿನ ಕೆಳಗೆ ಮುಚ್ಚಿಹೋಗಿದೆ. ಮುಂದೊಂದು ದಿನ ಇಳಿಜಾರಿನಲ್ಲಿ ಹ್ಯಾಂಡಲ್ ಕೈಯಲ್ಲೇ ಉಳಿದು ಫೋರ್ಕ್ ಕೆಳಗೆ ಹೋದರೆ ಪ್ರತ್ಯಕ್ಷಕ್ಕೆ ಸಿಗುವ ಮೊದಲ ಸಾಕ್ಷ್ಯ ಅದೇ, ಬಹುಶಃ ಕೊನೆಯದೂ.

ಚಾರ್ವಾಕರ ಮಾತು ಹಿಡಿದರೆ ಇಲ್ಲಿ ನಿಲ್ಲಬೇಕಾಗುತ್ತದೆ. ಪ್ರತ್ಯಕ್ಷವೊಂದೇ ಪ್ರಮಾಣ ಎನ್ನುವವರಿಗೆ ಈ ಕೊಳವೆಯ ಬಗ್ಗೆ ಹೇಳಲು ಏನೂ ಇಲ್ಲ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಿಸಿ ನೋಡಬಹುದು. ಬೇರಿಂಗ್ ಸಡಿಲವಿದ್ದರೆ ಟಕ್ ಟಕ್ ಎಂದು ಬೆರಳಿಗೆ ತಿಳಿಯುತ್ತದೆ. ಒಳಗೋಡೆಗೆ ಏನಾಗಿದೆ ಎಂಬುದು ಅದರಿಂದ ತಿಳಿಯದು. ನೈಯಾಯಿಕರು ಹೆಚ್ಚು ಉಪಕಾರಿಗಳು. ಆಪ್ತರಾದವರ ಉಪದೇಶವೇ ಶಬ್ದಪ್ರಮಾಣ ಎನ್ನುವುದು ಅವರ ಲಕ್ಷಣ. ಸುಮಾರು 5ನೇ ಶತಮಾನದ ಭಾಷ್ಯಕಾರ ವಾತ್ಸ್ಯಾಯನರು ಆಪ್ತ ಯಾರು ಎಂಬುದನ್ನೂ ಬಿಡಿಸಿ ಹೇಳುತ್ತಾರೆ: ವಿಷಯವನ್ನು ತಾನೇ ಕಂಡುಕೊಂಡಿರಬೇಕು, ಜೀವಿಗಳ ಮೇಲೆ ದಯೆಯಿರಬೇಕು, ಇದ್ದದ್ದನ್ನು ಇದ್ದಂತೆ ತಿಳಿಸುವ ಇಚ್ಛೆ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಸೇರಿಸುತ್ತಾರೆ. ಈ ಕೊನೆಯ ಮಾತಿನ ದೊಡ್ಡತನವನ್ನು ನಾವು ಸಾಕಷ್ಟು ಗಮನಿಸಿಲ್ಲ ಎನ್ನಿಸುತ್ತದೆ. ಹೇಳುವವನ ಕುಲ, ಪದವಿ ಲೆಕ್ಕಕ್ಕಿಲ್ಲ. ಅವನಿಗೆ ತಿಳಿದಿದೆಯೇ, ತಿಳಿದದ್ದನ್ನು ಹೇಳುತ್ತಿದ್ದಾನೆಯೇ ಎಂಬುದಷ್ಟೇ ಲೆಕ್ಕ. ಫೋರ್ಕ್ ಮಾಡಿದವರು ಅಂಥ ಫೋರ್ಕುಗಳನ್ನು ಯಂತ್ರಕ್ಕೆ ಕಟ್ಟಿ ಮುರಿಯುವವರೆಗೆ ಬಗ್ಗಿಸಿ ನೋಡಿರುತ್ತಾರೆ. ಸವಾರ ಕಾಣಲಾರದ್ದನ್ನು ಅವರು ಕಂಡಿದ್ದಾರೆ. ಅವರ ಸಂಖ್ಯೆಯನ್ನು ಒಪ್ಪುವುದು ಬುದ್ಧಿಯನ್ನು ಅಡವಿಡುವುದಲ್ಲ.

ಆದರೆ ನ್ಯಾಯದರ್ಶನದ ಇನ್ನೊಂದು ಮಾತು ಇಲ್ಲಿ ಕುಂಟುತ್ತದೆ. ಜ್ಞಾನ ಸರಿಯೋ ತಪ್ಪೋ ಎಂಬುದು ಅದರಂತೆ ನಡೆದು ಫಲ ಸಿಕ್ಕಾಗ ತಿಳಿಯುತ್ತದೆ, ನೀರೆಂದುಕೊಂಡು ಹೋದವನಿಗೆ ಬಾಯಾರಿಕೆ ತೀರಿದರೆ ಅದು ನೀರೇ, ಎನ್ನುತ್ತಾರೆ ಅವರು. ಕಾರ್ಬನ್ನಿನ ವಿಷಯದಲ್ಲಿ ಈ ಒರೆಗಲ್ಲು ಮೋಸದ್ದು. ‘ಕೈಯಂದಾಜಿನಲ್ಲೇ ಬಿಗಿ ಮಾಡಿದೆ, ವರ್ಷವಾಯಿತು, ಏನೂ ಆಗಿಲ್ಲವಲ್ಲ’ ಎನ್ನುವ ವಾದದ ಗುಟ್ಟು ಇದೇ. ಒಳಗಿನ ಬಿರುಕು ಬೆಳೆಯುತ್ತಿರುವಾಗಲೂ ಸೈಕಲ್ ಚೆನ್ನಾಗಿಯೇ ಓಡುತ್ತದೆ. ಸಫಲ ಸವಾರಿ ಆ ದಿನದ ಮಟ್ಟಿಗೆ ಮಾತ್ರ ಸಾಕ್ಷಿ. ಪರಿಹಾರವೂ ನ್ಯಾಯದಲ್ಲೇ ಇದೆ. ವೇದದ ಪ್ರಾಮಾಣ್ಯವನ್ನು ಅವರು ಆಯುರ್ವೇದದ ಉದಾಹರಣೆಯಿಂದ ಸಾಧಿಸುತ್ತಾರೆ: ಕಾಣುವ ವಿಷಯದಲ್ಲಿ ಮಾತು ಸರಿಹೋದವರನ್ನು ಕಾಣದ ವಿಷಯದಲ್ಲೂ ನಂಬಬಹುದು. ವೇದದ ಮಟ್ಟಿಗೆ ಈ ಜಿಗಿತ ದೊಡ್ಡದಾಯಿತು ಎಂದು ನನಗನ್ನಿಸುತ್ತದೆ. ಔಷಧಿ ಫಲಿಸಿತೆಂದು ಸ್ವರ್ಗ ಇದೆ ಎನ್ನಲಾಗದು. ಫೋರ್ಕಿನ ಮಟ್ಟಿಗೆ ಅಷ್ಟು ದೂರ ಜಿಗಿಯಬೇಕಾಗಿಲ್ಲ. ಇಲ್ಲಿ ಕಾಣದ್ದು ಸವಾರನಿಗೆ ಮಾತ್ರ ಕಾಣದ್ದು, ಇನ್ನೊಬ್ಬ ಮನುಷ್ಯನಿಗೆ ಕಂಡದ್ದು. ಧರ್ಮದ ಶಬ್ದಪ್ರಮಾಣಕ್ಕೂ ಲೌಕಿಕ ಶಬ್ದಪ್ರಮಾಣಕ್ಕೂ ಗೆರೆ ಎಳೆಯಬೇಕಾದ ಜಾಗ ಇದೇ.

ಕನ್ನಡದ ಓದುಗರಿಂದ ಬರಬಹುದಾದ ಆಕ್ಷೇಪ ಇನ್ನೊಂದಿದೆ. ಶಾಸ್ತ್ರಕ್ಕಿಂತ ಅನುಭಾವ ದೊಡ್ಡದೆಂದ ಶರಣರ ನಾಡಿನಲ್ಲಿ ಪುಸ್ತಕದ ಅಂಕಿಗೆ ತಲೆಬಾಗಿ, ನಲವತ್ತು ವರ್ಷ ಸೈಕಲ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕಿನ ಕೈಯನ್ನು ಅಲ್ಲಗಳೆಯುವುದೇ? ಶರಣರು ಪ್ರಶ್ನಿಸಿದ್ದು ತಾನು ಕಾಣದೆ, ಕಂಡವರಿಂದಲೂ ಕಲಿಯದೆ, ಬರೀ ಓದಿ ಒಪ್ಪಿಸುವವರ ಅಧಿಕಾರವನ್ನು. ಮೆಕ್ಯಾನಿಕ್ಕಿನ ಕೈಗಿರುವುದು ನಿಜವಾದ ಜ್ಞಾನ, ಸಂಶಯವಿಲ್ಲ. ಆದರೆ ಅದು ಉಕ್ಕು ಕಲಿಸಿದ ಜ್ಞಾನ. ತಪ್ಪಿದ ಪ್ರತಿ ಸಲವೂ ಉಕ್ಕು ತಿದ್ದಿತು, ಆದ್ದರಿಂದ ಕೈ ಕಲಿಯಿತು. ಕಾರ್ಬನ್ ತಪ್ಪನ್ನು ಆಗಲೇ ತೋರಿಸುವುದಿಲ್ಲ, ತೋರಿಸುವ ಹೊತ್ತಿಗೆ ಸೈಕಲ್ ಅಂಗಡಿಯಲ್ಲಿರುವುದಿಲ್ಲ. ತಿದ್ದುವವರಿಲ್ಲದ ಕಡೆ ಎಷ್ಟು ವರ್ಷ ಕಳೆದರೂ ಅದು ಅನುಭವವಾಗುವುದಿಲ್ಲ, ರೂಢಿಯಾಗುತ್ತದೆ.

ಲಾಭಕ್ಕಾಗಿ ಮಾರುವ ಕಂಪನಿಗೆ ಜೀವದಯೆ ಎಲ್ಲಿಂದ ಬಂತು ಎಂದು ಕೇಳಿದರೆ ಒಪ್ಪಬೇಕಾದ್ದೇ. ಆದರೆ ದಯೆ ಮಾಡಬೇಕಾದ ಕೆಲಸದ ಒಂದಿಷ್ಟನ್ನು ಕೋರ್ಟಿನ ಭಯವೂ, ಐಎಸ್‌ಒ 4210ರಂಥ ಸುರಕ್ಷತಾ ಮಾನದಂಡವೂ ಮಾಡುತ್ತವೆ. ತಯಾರಕರೂ ತಪ್ಪಬಹುದಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. 2021ರಲ್ಲಿ ಬೆಲ್ಜಿಯಮ್ಮಿನ ಲೆ ಸಾಮಿನ್ ರೇಸಿನಲ್ಲಿ ಮಾತ್ಯೂ ವಾನ್ ಡರ್ ಪೂಲ್ ಅವರ ಹ್ಯಾಂಡಲ್ಲಿನ ಒಂದು ಬದಿ ಮುರಿಯಿತು. ಆ ಮಾದರಿಯ ಬೈಕ್ ಇದ್ದವರು ಅದನ್ನು ಓಡಿಸಬೇಡಿ ಎಂದು ತಯಾರಕರೇ ಹೇಳಬೇಕಾಯಿತು. ಇದಕ್ಕೆ ಉತ್ತರ 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟರಲ್ಲಿದೆ. ಜ್ಞಾನ ಹುಟ್ಟಿದಾಗ ಪ್ರಮಾಣವೆಂದೇ ನಿಲ್ಲುತ್ತದೆ. ಅದನ್ನು ಅಲ್ಲಗಳೆಯುವ ಬಾಧಕ ಜ್ಞಾನ ಬಂದರೆ, ಇಲ್ಲವೇ ಅದರ ಮೂಲದಲ್ಲೇ ದೋಷ ಕಂಡರೆ, ಬಿದ್ದುಹೋಗುತ್ತದೆ. ನಂಬುವುದು ಎಂದರೆ ಬಾಧಕಕ್ಕೆ ಕಿವಿ ತೆರೆದು ನಂಬುವುದು. ಸ್ಟೆಮ್ ಹತ್ತಿರ ಹೊಸದಾಗಿ ಕಿರುಗುಟ್ಟುವ ಸದ್ದು, ಮತ್ತೆ ಮತ್ತೆ ಸಡಿಲವಾಗುವ ಬೇರಿಂಗ್, ಕಂಪನಿ ವಾಪಸ್ ಕರೆದ ಸುದ್ದಿ, ಎಲ್ಲವೂ ಬಾಧಕಗಳೇ. ಲೋಹಕ್ಕೂ ಇದು ಸಲ್ಲುತ್ತದೆ. 2006ರ ಪ್ಯಾರಿಸ್–ರೂಬೆಯಲ್ಲಿ ಜಾರ್ಜ್ ಹಿನ್‌ಕ್ಯಾಪಿ ಅವರ ಸ್ಟೀರರ್ ಓಡುತ್ತಿರುವಾಗಲೇ ಮುರಿದು ಅವರು ಬಿದ್ದರು. ಅದು ಕಾರ್ಬನ್ ಅಲ್ಲ, ಅಲ್ಯೂಮಿನಿಯಮ್. ಅದೇ ರೇಸಿನಲ್ಲಿ ಅದಕ್ಕೂ ಮೊದಲು ಅವರು ಒಮ್ಮೆ ಬಿದ್ದಿದ್ದರು. ಆ ಮೊದಲ ಬೀಳುವಿಕೆಯೇ ಬಾಧಕ. ರೇಸಿನ ಭರದಲ್ಲಿ ಅದನ್ನು ಪರೀಕ್ಷಿಸಲು ಯಾರಿಗೆ ಪುರುಸೊತ್ತು?

ಶಬ್ದವನ್ನು ನಂಬುವವರಿಗೆ ಅದನ್ನು ಸರಿಯಾಗಿ ಓದುವ ಹೊಣೆಯೂ ಇದೆ. ಸ್ಟೆಮ್ ಮೇಲಿನ ‘ಮ್ಯಾಕ್ಸ್ 5’ ಎಂಬುದನ್ನು ಬಹಳ ಜನ 5ಕ್ಕೆ ಬಿಗಿ ಮಾಡು ಎಂದು ಓದುತ್ತಾರೆ. ಮೀಮಾಂಸಕರನ್ನು ಕೇಳಿದ್ದರೆ ಅದು ವಿಧಿಯಲ್ಲ ನಿಷೇಧ, 5 ದಾಟಬೇಡ ಎಂದಷ್ಟೇ ಅದರ ಅರ್ಥ, ಎನ್ನುತ್ತಿದ್ದರು. ಒಂದು ಫೋರ್ಕಿಗೆ ಹೇಳಿದ ಮಾತು ಇನ್ನೊಂದಕ್ಕೆ ಸಲ್ಲುವುದಿಲ್ಲ. ಕೆಲವರು ಸ್ಟೆಮ್ಮಿನ ಮೇಲೊಂದು ಸ್ಪೇಸರ್ ಇರಲೇಬೇಕೆನ್ನುತ್ತಾರೆ, ಕೆಲವರು ಪ್ಲಗ್ಗಿನ ಬದಲು ಅಂಟಿಸುವ ತೋಳನ್ನೇ ಕೊಡುತ್ತಾರೆ. ಒಬ್ಬರ ಪ್ಲಗ್ಗಿಗೆ ಇನ್ನೊಬ್ಬರ ಸಂಖ್ಯೆ ಹಾಕುವುದು ಆಪ್ತವಾಕ್ಯವನ್ನು ಪಾಲಿಸಿದಂತಲ್ಲ. ನಿಮ್ಮ ಫೋರ್ಕಿನ ಜೊತೆ ಬಂದ ಕಾಗದ ಕಳೆದಿದ್ದರೆ, ಮಾದರಿಯ ಹೆಸರು ಹೇಳಿ ತಯಾರಕರಿಂದಲೋ ಮಾರಿದವರಿಂದಲೋ ಕೇಳಿ ಪಡೆಯಿರಿ. ಅದು ಕೈಗೆ ಬರುವವರೆಗೆ ಆ ಬೋಲ್ಟ್ ಮುಟ್ಟಬೇಡಿ.