ಕೊನೆಯ ಸಾಲಿಗಿಂತ ಮೇಲೆ

ಡೆಬಿಯನ್ ಲಿನಕ್ಸ್ ಹಾಕಿದ ಸರ್ವರ್‌ಗಳಲ್ಲಿ ಬೆಳಗಿನ 6:25ಕ್ಕೆ ಒಂದು ವಿಶೇಷವಿದೆ. ಕ್ರಾನ್ ಎಂಬ ಪ್ರೋಗ್ರಾಂ ದಿನದ ಕೆಲಸಗಳನ್ನು ಶುರುಮಾಡಲಿ ಎಂದು ಮೊದಲಿನಿಂದ ಗೊತ್ತುಮಾಡಿಟ್ಟ ಹೊತ್ತು ಅದು. ಹಳೆಯ ಲಾಗ್ ಫೈಲನ್ನು ಮುಚ್ಚಿ ಹೊಸದನ್ನು ತೆರೆಯುವ ಕೆಲಸವೂ ಬಹುಕಾಲ ಆಗಲೇ ನಡೆಯುತ್ತಿತ್ತು. ಈಚಿನ ಆವೃತ್ತಿಗಳಲ್ಲಿ ಅದು ನಡುರಾತ್ರಿಗೆ ಸರಿದಿದೆ. ನಾನು ಲಾಗ್ ಓದುವುದು ಹೆಚ್ಚುಕಡಿಮೆ ಈ ಹೊತ್ತಿನಲ್ಲೇ. ಆಗ ಫೋನು ಬರುವುದಿಲ್ಲ. ‘ಯಾರು ಹಾಳು ಮಾಡಿದ್ದು?’ ಎಂದು ಕೇಳುವವರು ಇನ್ನೂ ಕಚೇರಿಗೆ ಬಂದಿರುವುದಿಲ್ಲ. ಯಾರ ಮೇಲೂ ಅನುಮಾನವಿಲ್ಲದೆ ಓದುವುದಕ್ಕೂ ಒಬ್ಬರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವುದಕ್ಕೂ ಬಹಳ ಅಂತರವಿದೆ. ಹತ್ತು ಗಂಟೆಯ ಮೇಲೆ ತೆರೆದರೆ ಅದೇ ಫೈಲಿನಲ್ಲಿ ನಾವು ಹುಡುಕುವುದು ನಮಗೆ ಬೇಕಾದ ಸಾಕ್ಷಿಯನ್ನು ಮಾತ್ರ.

ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಒಂದೊಂದೇ ಸಾಲಾಗಿ ಬರೆದಿಡುವ ಫೈಲು ಲಾಗ್. ದಿನಾಂಕ, ಗಂಟೆ, ಯಂತ್ರದ ಹೆಸರು, ಪ್ರೋಗ್ರಾಮಿನ ಹೆಸರು, ಆಮೇಲೆ ನಡೆದ ಸಂಗತಿ. ಈ ಪದ್ಧತಿಗೆ ಒಂದು ರೂಪ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ಆಲ್ಮನ್ ಇಮೇಲ್ ಸಾಗಿಸುವ ತಮ್ಮ ಸೆಂಡ್‌ಮೇಲ್ ಪ್ರೋಗ್ರಾಮಿನ ಜೊತೆಗೆ ಸಿಸ್‌ಲಾಗ್ ಬರೆದಾಗ. ಅದರಲ್ಲಿ ಸಂಗತಿಗಳಿಗೆ 0ಯಿಂದ 7ರವರೆಗೆ ಎಂಟು ದರ್ಜೆ. ಸೊನ್ನೆಯೆಂದರೆ ಇಡೀ ವ್ಯವಸ್ಥೆ ನೆಲ ಕಚ್ಚಿದೆ. ಏಳೆಂದರೆ ಪ್ರೋಗ್ರಾಂ ಬರೆದವರಿಗಷ್ಟೇ ಬೇಕಾಗುವ ಚಿಲ್ಲರೆ ವಿವರ. ಲಾಗ್ ತೆರೆಯಲು ‘ಲೆಸ್’ ಎಂಬ ಪ್ರೋಗ್ರಾಂ ಸಾಕು. ಅದು ತೋರಿಸುತ್ತದೆ, ತಿದ್ದುವುದಿಲ್ಲ. ಎಡಿಟರಿನಲ್ಲಿ ಲಾಗ್ ತೆರೆಯುವ ಅಭ್ಯಾಸ ಬೇಡವೇ ಬೇಡ. ಕೈತಪ್ಪಿ ಒಂದಕ್ಷರ ಸೇರಿದರೂ ಅದನ್ನು ನಾಳೆ ಯಾರೂ ನಂಬಬೇಕಿಲ್ಲ.

ತೆರೆದ ಕೂಡಲೇ ಬಹಳ ಮಂದಿ ‘ಎರರ್’ ಎಂದು ಹುಡುಕಿ, ಸಿಕ್ಕ ಕೊನೆಯ ಸಾಲಿನಲ್ಲಿ ಯಾರ ಹೆಸರಿದೆಯೋ ಅವರನ್ನು ಹಿಡಿದುಬಿಡುತ್ತಾರೆ. ಇದು ಎಷ್ಟು ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಮೆಮೊರಿ ತೀರಿಹೋದ ಸಂದರ್ಭವನ್ನು ನೋಡಬೇಕು. ಆಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಂದು ಪ್ರೋಗ್ರಾಮನ್ನು ಬಲಿಕೊಟ್ಟು ಉಳಿದವನ್ನು ಕಾಪಾಡುತ್ತದೆ. ಲಾಗ್‌ನಲ್ಲಿ ಎರಡು ಹೆಸರು ಎದ್ದು ಕಾಣುತ್ತವೆ. ಮೊದಲ ಸಾಲಿನಲ್ಲಿರುವುದು, ಯಾವ ಪ್ರೋಗ್ರಾಂ ಮೆಮೊರಿ ಕೇಳಿದಾಗ ಖಜಾನೆ ಬರಿದಾಗಿತ್ತೋ ಅದರ ಹೆಸರು. ಕೊನೆಯ ಸಾಲಿನಲ್ಲಿರುವುದು ಸತ್ತ ಪ್ರೋಗ್ರಾಮಿನ ಹೆಸರು. ಸಾಮಾನ್ಯವಾಗಿ ಅದು ಡೇಟಾಬೇಸು, ಏಕೆಂದರೆ ಹೆಚ್ಚು ಮೆಮೊರಿ ಹಿಡಿದಿರುವುದನ್ನೇ ಕರ್ನೆಲ್ ಆರಿಸುವುದು. ಈ ಎರಡರಲ್ಲಿ ಯಾವುದೂ ತಪ್ಪಿತಸ್ಥ ಆಗಿರಬೇಕೆಂದಿಲ್ಲ. ಮೊದಲನೆಯದು ಆ ಗಳಿಗೆಯಲ್ಲಿ 4 ಕಿಲೋಬೈಟಿನಷ್ಟೇ ಕೇಳಿದ್ದಿರಬಹುದು. ಎರಡನೆಯದು ತನಗೆ ಗೊತ್ತುಮಾಡಿದ ಪಾಲನ್ನಷ್ಟೇ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಿರಬಹುದು. ಊರ ಜಗಳದಲ್ಲಿ ಕೊನೆಗೆ ಕೂಗಿದವನೇ ಸಿಕ್ಕಿಬೀಳುವ ಹಾಗೆ ಇದು. ಆದರೆ ಆ ಎರಡು ಸಾಲುಗಳ ನಡುವೆ ಕರ್ನೆಲ್ ಒಂದು ಉದ್ದನೆಯ ಪಟ್ಟಿ ಬರೆದಿರುತ್ತದೆ: ಆ ಕ್ಷಣದಲ್ಲಿ ಯಾರು ಯಾರು ಓಡುತ್ತಿದ್ದರು, ಯಾರ ಬಳಿ ಎಷ್ಟಿತ್ತು. ಒಂದೇ ಹೆಸರಿನ ಪುಟ್ಟ ಪ್ರೋಗ್ರಾಂ ಅಲ್ಲಿ ಮೂವತ್ತು ನಲವತ್ತು ಸಲ ಕಾಣಿಸಿಕೊಂಡರೆ ಕಥೆಯೇ ಬೇರೆ. ಒಂದೊಂದರ ಪಾಲೂ ಅಲ್ಪ, ಕೂಡಿಸಿದರೆ ಅದೇ ಎಲ್ಲವನ್ನೂ ನುಂಗಿದ್ದು. ಆ ಪಟ್ಟಿಯನ್ನು ಹಾರಿಸಿ ಓದುವವರೇ ಹೆಚ್ಚು.

ಕನ್ನಡದ ಫೈಲ್ ಹೆಸರುಗಳ ವಿಷಯದಲ್ಲಿ ಈ ಅವಸರ ನನಗೆ ಇನ್ನೂ ಹೆಚ್ಚು ನೋವು ಕೊಡುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು ಬೈಟು ಬೇಕು. ಕೆಲವು ಲಾಗ್‌ಗಳಲ್ಲಿ ನಮ್ಮ ‘ಕ’ 340, 262, 225 ಎಂಬ ಮೂರು ಸಂಖ್ಯೆಗಳಾಗಿ ಕಾಣಿಸುತ್ತದೆ. ಗುಮಾಸ್ತರೊಬ್ಬರು ‘ಹಾಜರಿ ಪಟ್ಟಿ’ ಎಂದು ಹೆಸರಿಟ್ಟು ಫೈಲು ಉಳಿಸುತ್ತಾರೆ. ಹಗಲಲ್ಲಿ ಕೈಯಾರೆ ಓಡಿಸಿದರೆ ಸರಿಯಾಗಿ ನಡೆಯುವ ಸ್ಕ್ರಿಪ್ಟು ರಾತ್ರಿ ತಾನಾಗಿ ಓಡುವಾಗ ಕುಸಿಯುತ್ತದೆ. ಕೂಡಲೇ ಆದೇಶ: ಕನ್ನಡದಲ್ಲಿ ಹೆಸರಿಡಬೇಡಿ. ಲಾಗ್ ಹೇಳುವುದೇ ಬೇರೆ. ಈ ಅಕ್ಷರವನ್ನು ಆಸ್ಕಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೆಯ ಪದ್ಧತಿಯಲ್ಲಿ, ಬರೆಯಲಾಗದು ಎಂಬ ಸಾಲು ಅಲ್ಲಿರುತ್ತದೆ. ಕ್ರಾನ್ ಮೂಲಕ ಓಡುವಾಗ ಎಷ್ಟೋ ಕಡೆ ಭಾಷೆಯ ಸೆಟ್ಟಿಂಗ್ ಜೊತೆಗೆ ಬರುವುದಿಲ್ಲ. ಹಾಗಾದಾಗ, ಸ್ಕ್ರಿಪ್ಟು ಬರೆದ ಭಾಷೆಯಾದ ಪೈಥಾನಿನ ಹಳೆಯ ಆವೃತ್ತಿ ಆಸ್ಕಿಯೇ ಲೋಕವೆಂದುಕೊಳ್ಳುತ್ತಿತ್ತು. 2018ರ ಪೈಥಾನ್ 3.7ರಿಂದ ಅಂಥಲ್ಲಿ ಅದು ಯುಟಿಎಫ್-8ನ್ನೇ ಹಿಡಿಯುತ್ತದೆ. ತಮ್ಮ ಭಾಷೆಯಲ್ಲಿ ಹೆಸರಿಟ್ಟ ಗುಮಾಸ್ತರ ತಪ್ಪು ಇದರಲ್ಲಿ ಒಂದೆಳೆಯೂ ಇಲ್ಲ. ಹೀಗೆ ಹೊರಟ ಆದೇಶಗಳಿಂದಲೇ ಎಷ್ಟೋ ಕಚೇರಿಗಳಲ್ಲಿ ಕನ್ನಡ ಕಡತಗಳು ಇಂಗ್ಲಿಷ್ ಹೆಸರು ಹೊತ್ತು ಕೂತಿವೆ ಎಂದು ನನಗನ್ನಿಸುತ್ತದೆ.

ಗಂಟೆಯನ್ನು ಓದುವಾಗಲೂ ನಿಧಾನ ಬೇಕು. ಬಹಳಷ್ಟು ಸರ್ವರ್‌ಗಳು ಬರೆಯುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಲಾಗ್‌ನಲ್ಲಿ 03:40ಕ್ಕೆ ಒಬ್ಬ ಉದ್ಯೋಗಿಯ ಖಾತೆ ತೆರೆದಿತ್ತು ಎಂದರೆ ಮೈ ಜುಮ್ಮೆನ್ನುತ್ತದೆ, ಬೆಳಗಿನ ಜಾವ ಇವರಿಗೇನು ಕೆಲಸ ಎಂದು. ಐದೂವರೆ ಗಂಟೆ ಕೂಡಿಸಿದರೆ 9:10. ಆಕೆ ಬಸ್ಸಿಳಿದು ಬಂದು ಕುರ್ಚಿಯಲ್ಲಿ ಕೂತ ಹೊತ್ತು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಲಾಗ್ ಓದದೆ ಮನುಷ್ಯರನ್ನು ದೂರಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ಬ್ರಿಟನ್ ಕಂಡಿದೆ. ಅಲ್ಲಿನ ಪೋಸ್ಟ್ ಆಫೀಸಿನಲ್ಲಿ 1999ರಿಂದ ಹೊರೈಜ಼ನ್ ಎಂಬ ಲೆಕ್ಕದ ಪ್ರೋಗ್ರಾಂ ಬಂತು. ನೋಡಿಕೊಳ್ಳುತ್ತಿದ್ದದ್ದು ಫುಜಿತ್ಸು ಕಂಪನಿ. ಪರದೆಯ ಮೇಲೆ ಹಣ ಕಡಿಮೆ ತೋರಿಸಿದಾಗಲೆಲ್ಲ ಕಳ್ಳತನದ ಆರೋಪ ಶಾಖೆ ನಡೆಸುವವರ ತಲೆಗೆ ಬಂತು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಮನೆ ಮಾರಿ ಇಲ್ಲದ ಸಾಲ ತೀರಿಸಿದರು, ಕೆಲವರು ಜೀವ ಕಳೆದುಕೊಂಡರು. ಸಹಾಯವಾಣಿಗೆ ಫೋನು ಮಾಡಿದವರಲ್ಲಿ ಎಷ್ಟೋ ಜನ ಆಮೇಲೆ ಹೇಳಿದ್ದು ಒಂದೇ ಮಾತು: ನಿಮ್ಮೊಬ್ಬರಿಗೇ ಹೀಗಾಗುತ್ತಿರುವುದು ಎಂದು ತಮಗೆ ಹೇಳಲಾಗಿತ್ತು.

ತಪ್ಪಿದ್ದದ್ದು ಆ ಪ್ರೋಗ್ರಾಮಿನಲ್ಲಿ. ಅದರ ಒಂದು ದೋಷವನ್ನು ಹತ್ತಿರದಿಂದ ನೋಡೋಣ. 2015ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನಲ್ಲಿ ಶಾಖೆ ನೋಡಿಕೊಳ್ಳುತ್ತಿದ್ದ ಮಹಿಳೆ 8,000 ಪೌಂಡನ್ನು ತಮ್ಮ ಉಪಶಾಖೆಯ ಲೆಕ್ಕಕ್ಕೆ ಸೇರಿಸಹೊರಟರು. ಪರದೆ ಅಲುಗಾಡಲಿಲ್ಲ. ಎಂಟರ್ ಮತ್ತೆ ಒತ್ತಿದರು, ಯಾರಾದರೂ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಹಣ ಬಂತೆಂದು ದಾಖಲಾಗುತ್ತ ಹೋಗಿ 8,000 ಇದ್ದದ್ದು 32,000 ಆಯಿತು. ಇಲ್ಲದ 24,000 ಪೌಂಡು ಆಕೆಯ ಕೊರತೆಯಾಗಿ ನಿಂತಿತು. ಆಮೇಲೆ ಫುಜಿತ್ಸು ಹಳೆಯ ದಾಖಲೆಗಳನ್ನು ಜಾಲಾಡಿದಾಗ ಹಿಂದಿನ ಐದು ವರ್ಷಗಳಲ್ಲಿ ಇದೇ ರೀತಿ 88 ಶಾಖೆಗಳಲ್ಲಿ 112 ಸಲ ಆಗಿರುವುದು ಸಿಕ್ಕಿತು. ಅಂದರೆ ಪುನರಾವರ್ತನೆ ದಾಖಲೆಯಲ್ಲಿ ಕೂತೇ ಇತ್ತು. ಗೊತ್ತಿರುವ ದೋಷಗಳನ್ನು ತಂತ್ರಜ್ಞರು ಬರೆದಿಡುತ್ತಿದ್ದ ಬೇರೆಯೇ ಒಂದು ಲಾಗ್ ಕೂಡ ಇತ್ತು. ಹಿಂದೆ ತಾವೂ ಶಾಖೆ ನಡೆಸಿದ್ದ ಆಲನ್ ಬೇಟ್ಸ್ ಮುಂದಾಳತ್ವದಲ್ಲಿ ಪೋಸ್ಟ್ ಆಫೀಸಿನ ಮೇಲೆ ದಾವೆ ಹೂಡಿದವರು ಅದನ್ನು ಕೇಳಿದಾಗ ಪೋಸ್ಟ್ ಆಫೀಸಿನ ಕಡೆಯಿಂದ ಮೊದಲು ಬಂದದ್ದು ತಕರಾರು. ಅದು ಕೋರ್ಟಿನ ಮುಂದೆ ಬಂದಮೇಲೆ, 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಸರ್ ಹೊರೈಜ಼ನ್‌ನಲ್ಲಿ ದೋಷಗಳಿದ್ದವು ಎಂದು ತೀರ್ಪಿತ್ತರು. ಶಿಕ್ಷೆಗಳನ್ನು ಒಟ್ಟಾಗಿ ರದ್ದುಗೊಳಿಸುವ ಕಾನೂನು ಬಂದದ್ದು 2024ರಲ್ಲಿ. ಒಂದು ಫೈಲನ್ನು ತೆರೆದು ಸಮಾಧಾನದಿಂದ ಓದುವ ಕೆಲಸ ಹತ್ತಿಪ್ಪತ್ತು ವರ್ಷ ತಡವಾಯಿತು.

ಹಾಗೆಂದು ಲಾಗ್ ಎಲ್ಲವನ್ನೂ ಬರೆದಿಡಲಿ ಎಂದು ನಾನು ಬಯಸುವುದಿಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳುವುದು ಒಳ್ಳೆಯದು ಎಂದು ಹೇಳಬೇಕಾಯಿತು. ಒಂದು ದೋಷದಿಂದ ಪಾಸ್‌ವರ್ಡ್‌ಗಳು ಮುಚ್ಚುಮರೆಯಿಲ್ಲದೆ ಒಳಗಿನ ಲಾಗ್‌ನಲ್ಲಿ ಬಂದು ಕೂತಿದ್ದವು. ಬರೆದಿಡುವವರಿಗೂ ಸಂಯಮ ಬೇಕು, ಓದುವವರಿಗೂ ಬೇಕು.

ನನ್ನ ಚಿಂತೆ ಹೆಚ್ಚಾಗಿ ಲಾಗ್ ಎಷ್ಟು ದಿನ ಬದುಕುತ್ತದೆ ಎನ್ನುವುದರ ಬಗ್ಗೆ. ಹಳೆಯ ಫೈಲುಗಳನ್ನು ಸರಿಸುವ ಲಾಗ್‌ರೊಟೇಟ್ ಅನ್ನು ಮುಟ್ಟದೆ ಬಿಟ್ಟರೆ ವಾರಕ್ಕೊಂದರಂತೆ ನಾಲ್ಕು ವಾರದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತದೆ. ಯಂತ್ರಕ್ಕೆ ಅದು ಸಾಕು, ಮನುಷ್ಯರ ದೂರು ಅಷ್ಟು ಬೇಗ ಬರುವುದಿಲ್ಲ. ವೃದ್ಧಾಪ್ಯ ವೇತನ ಬಾರದ ಅಜ್ಜಿ ಮೊದಲ ತಿಂಗಳು ತಡವಾಗಿರಬಹುದು ಎಂದು ಸುಮ್ಮನಿರುತ್ತಾಳೆ. ಎರಡನೆಯ ತಿಂಗಳು ಬ್ಯಾಂಕಿಗೆ ಹೋಗುತ್ತಾಳೆ, ಮೂರನೆಯ ತಿಂಗಳು ನಾಡಕಚೇರಿಗೆ. ‘ನಿಮ್ಮ ಬೆರಳಚ್ಚೇ ಸರಿಯಿಲ್ಲ’ ಎಂದು ಅವಳಿಗೆ ಯಾರಾದರೂ ಹೇಳುವ ಹೊತ್ತಿಗೆ, ನಿಜವಾಗಿ ಆದದ್ದೇನು ಎಂದು ಹೇಳಬಹುದಾಗಿದ್ದ ಸಾಲು ಅಳಿದುಹೋಗಿ ತಿಂಗಳು ಕಳೆದಿರುತ್ತದೆ. 2022ರ ಏಪ್ರಿಲ್ 28ರಂದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ನಮ್ಮ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಬೇಕೆನ್ನುತ್ತದೆ. ಅದರ ಉದ್ದೇಶ ಸೈಬರ್ ದಾಳಿಗಳ ತನಿಖೆ. ಆದರೆ ಆ ಅಜ್ಜಿಗೂ ಅಷ್ಟು ದಿನ ಬೇಕೇ ಬೇಕು. ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಅದನ್ನು ಒಂದು ವರ್ಷಕ್ಕೆ ಏರಿಸಿದ್ದೇನೆ. ಲಾಗ್‌ನ ಪಠ್ಯವನ್ನು ಜಿಜ಼ಿಪ್ ಮಾಡಿದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದು ಸಾಮಾನ್ಯ, ಆದ್ದರಿಂದ ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ.